ಕೈಯೊಳಗಿನ ನಡುಕ: ಗುಣವೋ, ಗಿಲೀಟೋ?

ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಕಡೆ ತೆಂಗಿನ ತೋಟವುಳ್ಳ ಮನೆಗಳಲ್ಲಿ ಕಾಯಿಯೆಲ್ಲವೂ ಕೆಡವಿದ ಕೂಡಲೆ ಪೇಟೆಗೆ ಹೋಗುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಆಗಲಿ, ಹಾಗೆಯೇ ಬಿಡುವುದುಂಟು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದ ಹಿಡಿತವನ್ನು ಬಿಟ್ಟು ಉಂಡೆಯಾಗುವವರೆಗೆ ಅದಕ್ಕೆ ಅಟ್ಟವೇ ಗತಿ. ತಿಪಟೂರು, ಅರಸೀಕೆರೆಗಳ ಮಾರುಕಟ್ಟೆಯಲ್ಲಿ ಹೆಸರಾದ ಉಂಡೆ ಕೊಬ್ಬರಿ ಇದೇ. ಇಷ್ಟು ದಿನ ಕಾದ ಕಾಯಿ ಹದಕ್ಕೆ ಬಂದಿತೇ ಇಲ್ಲವೇ ಎಂಬುದನ್ನು ಕಣ್ಣು ಹೇಳಲಾರದು. ಒಣಗಿದ ಸಿಪ್ಪೆಯ ಬಣ್ಣ ಎಲ್ಲ ಕಾಯಿಗೂ ಒಂದೇ. ಬಲ್ಲವರು ಕಾಯಿಯನ್ನು ಕೈಗೆತ್ತಿಕೊಂಡು ಒಮ್ಮೆ ಕುಲುಕುತ್ತಾರೆ. ನೀರು ತುಳುಕಿದರೆ ಒಂದು ಬಗೆ, ಉಂಡೆ ಕರಟಕ್ಕೆ ಬಡಿದರೆ ಇನ್ನೊಂದು ಬಗೆ. ಕಿವಿಗೂ ಅದು ಕೇಳಿಸುವುದು ನಿಜ. ಆದರೆ ಪಕ್ಕದಲ್ಲಿ ಹತ್ತು ಜನ ಮಾತನಾಡುತ್ತಿದ್ದರೂ ಅಂಗೈಗೆ ಮಾತ್ರ ಸಂದೇಹ ಬರುವುದಿಲ್ಲ.

ಹೆಚ್ಚುಕಡಿಮೆ ಇದೇ ವಿದ್ಯೆಯನ್ನು ಜಪಾನಿನ ನಿಂಟೆಂಡೊ ಸಂಸ್ಥೆಯವರು 2017ರ ಮಾರ್ಚ್ ತಿಂಗಳಲ್ಲಿ ಒಂದು ವಿಡಿಯೋ ಆಟವನ್ನಾಗಿ ಮಾರುಕಟ್ಟೆಗೆ ತಂದರು. ‘ಒನ್ ಟೂ ಸ್ವಿಚ್’ ಎಂಬ ಆ ಆಟದ ಒಂದು ಭಾಗದಲ್ಲಿ, ಆಡುವವನು ತನ್ನ ಕೈಯಲ್ಲಿರುವ ಪುಟ್ಟ ಕಂಟ್ರೋಲರನ್ನು ಗೋಲಿಗಳಿರುವ ಪೆಟ್ಟಿಗೆಯೆಂದು ಭಾವಿಸಿ ಅತ್ತಿತ್ತ ವಾಲಿಸುತ್ತ, ಒಳಗೆ ಎಷ್ಟು ಗೋಲಿಗಳು ಉರುಳುತ್ತಿವೆಯೆಂದು ಹೇಳಬೇಕು. ಒಳಗೆ ಗೋಲಿಯೇ ಇಲ್ಲ. ವಿದ್ಯುತ್ತಿನಿಂದ ಅದುರುವ ಒಂದು ಸಣ್ಣ ತೂಕವಿದೆ, ಅಷ್ಟೆ. ಆದರೂ ಉರುಳಿ ಬಂದು ಗೋಡೆಗೆ ತಾಗಿದ ಗೋಲಿ ಕೈಗೆ ಗೋಲಿಯಾಗಿಯೇ ತಿಳಿಯುತ್ತದೆ.

ಇಂಥ ನಯವಾದ ಕಂಪನವು ಆಟಕ್ಕೆ ನಿಜವಾಗಿ ಬೇಕಾದುದೋ, ಬೆಲೆಯೇರಿಸುವುದಕ್ಕಾಗಿ ಬಳಿದ ಗಿಲೀಟೋ ಎಂಬ ವಾದ ಆಡುವವರಲ್ಲಿ ಇಂದಿಗೂ ನಿಂತಿಲ್ಲ. ಹಣ ತೆರುವವರ ಪಾಲಿಗೆ ಇದು ಬರಿಯ ಹರಟೆಯೂ ಅಲ್ಲ. 2021ರ ಫೆಬ್ರವರಿಯಲ್ಲಿ ಸೋನಿಯವರ ಪ್ಲೇಸ್ಟೇಶನ್ 5 ಭಾರತಕ್ಕೆ ಬಂದಾಗ, ಅದರ ‘ಡ್ಯುಯಲ್‌ಸೆನ್ಸ್’ ಕಂಟ್ರೋಲರನ್ನು ಬಿಡಿಯಾಗಿ ಕೊಳ್ಳುವವರು 5,990 ರೂಪಾಯಿ ಎಣಿಸಬೇಕಾಗಿತ್ತು. ತಿಂಗಳ ದಿನಸಿಯ ಚೀಟಿಯನ್ನು ಎರಡು ಸಲ ಓದಿ ಸಾಮಾನು ತರಿಸುವ ಸಂಸಾರದಲ್ಲಿ, ಒಂದು ನಡುಗುವ ಹಿಡಿಕೆಗೆ ಇಷ್ಟು ಹಣವೇಕೆಂದು ಕೇಳುವವರಿದ್ದರೆ ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಬೆಂಗಳೂರಿನ ಮೊಮ್ಮಗ ರಜೆಗೆಂದು ಪಂಚನಹಳ್ಳಿಗೆ ಬರುವಾಗ ಈ ಯಂತ್ರವನ್ನೂ ಹೊತ್ತು ತಂದನೆನ್ನಿ. ಕುತೂಹಲಕ್ಕೆ ಕಂಟ್ರೋಲರನ್ನು ಹಿಡಿದ ತಾತ ಬೆಚ್ಚಿ ಏನು ಕೇಳಿಯಾರೆಂದು ಊಹಿಸುವುದು ಕಷ್ಟವಲ್ಲ.

“ಇದಕ್ಕೇನೋ ಮಗು, ಚಳಿಜ್ವರವೇ?”

“ಅಲ್ಲ ತಾತ, ಕಾರು ಕಲ್ಲಿನ ಮೇಲೆ ಹೋಗ್ತಿದೆ, ಅದಕ್ಕೆ.”

“ಕಲ್ಲು ಕಣ್ಣಿಗೇ ಕಾಣ್ತಿದೆಯಲ್ಲೋ. ಕೈಗೆ ಬೇರೆ ಹೇಳಬೇಕೆ?”

ತಾತನ ಈ ಪ್ರಶ್ನೆ ನಗೆಯಾಡಿ ಬಿಡತಕ್ಕುದಲ್ಲ. ವಿವಾದದ ತಿರುಳೆಲ್ಲ ಅದರಲ್ಲಿಯೇ ಇದೆ.

ಕಂಪನವೇನೋ ಆಟಗಳಿಗೆ ಹೊಸತಲ್ಲ. 1976ರಷ್ಟು ಹಿಂದೆಯೇ ಸೇಗಾ ಸಂಸ್ಥೆಯ ‘ಮೋಟೋಕ್ರಾಸ್’ ಎಂಬ ಆಟದ ಯಂತ್ರದಲ್ಲಿ, ಪರದೆಯ ಮೇಲಿನ ಮೋಟಾರ್ ಸೈಕಲ್ ಡಿಕ್ಕಿ ಹೊಡೆದರೆ ಕೈಯಲ್ಲಿದ್ದ ಹ್ಯಾಂಡಲ್ ನಡುಗುತ್ತಿತ್ತು. ಮನೆಮನೆಯ ಆಟಕ್ಕೆ ಅದು ಇಳಿದುದು 1997ರಲ್ಲಿ: ನಿಂಟೆಂಡೊದವರು ‘ರಂಬಲ್ ಪ್ಯಾಕ್’ ಎಂಬ ಜೋಡಣೆಯನ್ನೂ ಸೋನಿಯವರು ‘ಡ್ಯುಯಲ್‌ಶಾಕ್’ ಎಂಬ ಕಂಟ್ರೋಲರನ್ನೂ ಅದೇ ವರ್ಷ ಹೊರತಂದರು. ಇವುಗಳ ಒಳಗಿನ ಗುಟ್ಟು ಬಲು ಸರಳ. ಬಟ್ಟೆಯೆಲ್ಲ ಒಂದೇ ಬದಿಗೆ ಸರಿದ ವಾಷಿಂಗ್ ಮಷಿನ್ ಹಿಂಡುವ ಹೊತ್ತಿನಲ್ಲಿ ಬಚ್ಚಲುಮನೆಯನ್ನೆಲ್ಲ ಅದುರಿಸುವುದನ್ನು ಗೃಹಿಣಿಯರು ಬಲ್ಲರು. ಇಲ್ಲಿಯೂ ಅದೇ: ಪುಟ್ಟ ಮೋಟಾರಿನ ಕಂಬಿಗೆ ಒಂದೇ ಬದಿಗೆ ತೂಕವನ್ನು ಕಟ್ಟಿ ತಿರುಗಿಸುತ್ತಾರೆ. ಡ್ಯುಯಲ್‌ಶಾಕಿನ ಎಡಗೈಯ ಕಡೆ ದೊಡ್ಡ ತೂಕ, ಬಲಗಡೆ ಚಿಕ್ಕದು.

ಈ ಏರ್ಪಾಟಿನ ದೋಷವೂ ಸರಳವೇ. ನಡುಕ ಜೋರಾಗಬೇಕಾದರೆ ಮೋಟಾರು ವೇಗವಾಗಿ ತಿರುಗಲೇಬೇಕು. ವೇಗ ತಗ್ಗಿದರೆ ಬಲವೂ ತಗ್ಗುತ್ತದೆ. ಎರಡನ್ನೂ ಬೇರೆಬೇರೆಯಾಗಿ ಆಳಲು ಬಾರದು. ತಿರುಗಲು ಹೊರಟ ತೂಕ ವೇಗಕ್ಕೆ ಬರಲು ಸ್ವಲ್ಪ ಹೊತ್ತು, ನಿಲ್ಲಲು ಇನ್ನು ಸ್ವಲ್ಪ ಹೊತ್ತು. ಆದ್ದರಿಂದ ಬಾಂಬು ಸಿಡಿದರೂ ಗುರ್, ಬಾಗಿಲು ತಟ್ಟಿದರೂ ಗುರ್. ಡ್ಯುಯಲ್‌ಸೆನ್ಸಿನಲ್ಲಿ ಈ ಮೋಟಾರುಗಳನ್ನು ಕೈಬಿಟ್ಟು, ಧ್ವನಿವರ್ಧಕದಲ್ಲಿರುವಂಥ ತಂತಿಯ ಸುರುಳಿಯನ್ನೂ ಅಯಸ್ಕಾಂತವನ್ನೂ ಎರಡು ಬದಿಗಳಲ್ಲಿಯೂ ಇಟ್ಟಿದ್ದಾರೆ. ಧ್ವನಿವರ್ಧಕವು ವೀಣೆಯನ್ನೂ ಡೊಳ್ಳನ್ನೂ ಬೇರೆ ಬೇರೆಯಾಗಿ ನುಡಿಸಬಲ್ಲುದಾದರೆ, ಅದರ ಈ ತಮ್ಮನು ಮಳೆಯ ಹನಿಯನ್ನೂ ಮರಳಿನ ಒರಟನ್ನೂ ಬೇರೆ ಬೇರೆಯಾಗಿ ಕೈಗೆ ಮುಟ್ಟಿಸಬಲ್ಲ. ಇದರ ಮೇಲೆ ಬೆರಳಿಂದೊತ್ತುವ ಗುಂಡಿಗಳಿಗೂ ಸಣ್ಣ ಯಂತ್ರವೊಂದನ್ನು ಜೋಡಿಸಿ, ಬೇಕೆಂದಾಗ ಅವು ಬೆರಳನ್ನು ಎದುರಿಸಿ ನಿಲ್ಲುವಂತೆ ಮಾಡಿದ್ದಾರೆ.

ಇಷ್ಟೊಂದು ನಯವನ್ನು ಚರ್ಮ ಅರಿಯಬಲ್ಲುದೆ ಎಂಬ ಶಂಕೆ ಬೇಡ. ಅಂಗೈಯ ತೊಗಲಿನ ಆಳದಲ್ಲಿ ಈರುಳ್ಳಿಯಂತೆ ಪದರಪದರವಾಗಿರುವ ಸೂಕ್ಷ್ಮ ಕಣಗಳುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅವನ್ನು ವಿವರಿಸಿದ ಇಟಲಿಯ ಫಿಲಿಪ್ಪೊ ಪಚಿನಿಯ ಹೆಸರನ್ನೇ ಅವುಗಳಿಗೆ ಇಟ್ಟಿದ್ದಾರೆ. ಸೆಕೆಂಡಿಗೆ ಸುಮಾರು 250 ಸಲ ಅದುರುವ ವಸ್ತುವನ್ನು ಇವು ಅತ್ಯಂತ ಚೆನ್ನಾಗಿ ಗುರುತಿಸುತ್ತವೆ. ಕಣ್ಣಿಗೆ ಕಾಣದಷ್ಟು ಅಲ್ಪವಾದ ಚಲನೆಯೂ ಅವುಗಳಿಗೆ ಸಾಕು. ಸ್ಪರ್ಶವನ್ನು ನರಗಳಿಗೆ ತಿಳಿಸುವ ದ್ವಾರಗಳನ್ನು ಪತ್ತೆಮಾಡಿದ ಸಂಶೋಧನೆಗೆ 2021ರ ನೊಬೆಲ್ ಬಹುಮಾನದಲ್ಲಿಯೇ ಪಾಲು ದೊರೆಯಿತು. ಕೈ ಸೂಕ್ಷ್ಮವಾದುದು, ಯಂತ್ರವೂ ಸೂಕ್ಷ್ಮವಾಯಿತು. ಆದರೆ ತಾತನ ಪ್ರಶ್ನೆಗೆ ಇದು ಉತ್ತರವಲ್ಲ. ಕಲ್ಲು ಕಣ್ಣಿಗೆ ಕಾಣುತ್ತಿರುವಾಗ ಕೈಗೆ ಎಷ್ಟೇ ನಯವಾಗಿ ಹೇಳಿದರೂ ಅದು ಎರಡನೆಯ ಸಲ ಹೇಳಿದ ಸುದ್ದಿಯೇ.

ಉತ್ತರ ಸಿಗುವುದು ಹಳೆಯದೊಂದು ಆಟದಲ್ಲಿ. 1998ರಲ್ಲಿ ಬಂದ ನಿಂಟೆಂಡೊದ ‘ಜೆಲ್ಡಾ’ ಮಾಲೆಯ ‘ಒಕಾರಿನಾ ಆಫ್ ಟೈಮ್’ ಎಂಬ ಆಟದಲ್ಲಿ ನಾಯಕನಿಗೆ ಒಂದು ಮಾಯದ ಕಲ್ಲು ದೊರೆಯುತ್ತದೆ. ಅದನ್ನು ಪಡೆದ ಮೇಲೆ, ನೆಲದಡಿಯಲ್ಲಿ ಗುಪ್ತವಾದ ಕುಳಿಯೊಂದು ಹತ್ತಿರವಿದ್ದರೆ ಕಂಟ್ರೋಲರ್ ನಡುಗುತ್ತದೆ. ಪರದೆಯ ಮೇಲೆ ಕಾಣುವುದು ಬರಿಯ ಹುಲ್ಲು, ಬರಿಯ ಮಣ್ಣು. ಸುದ್ದಿ ಕೈಗೆ ಮಾತ್ರ. ಗಮನಿಸಬೇಕಾದುದು ಏನೆಂದರೆ, ಅಂದಿನ ಮೋಟಾರು ಗುರ್ ಎನ್ನುವುದೊಂದನ್ನೇ ಬಲ್ಲ ಒಡ್ಡಾದ ಮೋಟಾರು. ಆದರೂ ಆಟ ಕಟ್ಟಿದವರಿಗೆ ಕೈಯೊಡನೆ ಆಡಬೇಕಾದ ಮಾತೊಂದಿತ್ತು; ಅದಕ್ಕೆ ಆ ಒಡ್ಡುಗುರುಟೇ ಸಾಕಾಯಿತು. ಗಿಲೀಟೋ ಅಲ್ಲವೋ ಎಂಬುದು ಯಂತ್ರದ ನಯವನ್ನು ಅವಲಂಬಿಸಿಲ್ಲ, ತಂದ ಸುದ್ದಿಯನ್ನು ಅವಲಂಬಿಸಿದೆ.

ಆಟದ ಹೊರಗೆ ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಉಳುವ ರೈತನಿಗೆ ಮಣ್ಣಿನೊಳಗಿನ ಕಲ್ಲು ನೇಗಿಲಿನ ಮೇಳಿಯ ಮೂಲಕ ತಿಳಿಯುವಂತೆ, ಹಿಂದಿನ ಕಾಲದ ವಿಮಾನ ಚಾಲಕನಿಗೆ ರೆಕ್ಕೆಯ ಮೇಲಿನ ಗಾಳಿಯ ಹದಗೆಟ್ಟ ಹರಿವು, ಕೈಯಲ್ಲಿದ್ದ ದಂಡದ ಮೂಲಕ ತಾನಾಗಿಯೇ ತಿಳಿಯುತ್ತಿತ್ತು. ದೊಡ್ಡ ವಿಮಾನಗಳು ಬಂದು, ಕೈಗೂ ರೆಕ್ಕೆಗೂ ನಡುವೆ ಎಣ್ಣೆಯ ಒತ್ತಡದ ಯಂತ್ರಗಳು ಸೇರಿದ ಮೇಲೆ ಆ ಸುದ್ದಿ ನಿಂತುಹೋಯಿತು. ಆಗ ಎಂಜಿನಿಯರುಗಳು ಮಾಡಿದ್ದೇನು? ವಿಮಾನದ ವೇಗ ಅಪಾಯದ ಮಟ್ಟಕ್ಕೆ ಇಳಿದು, ರೆಕ್ಕೆ ತನ್ನ ಆಧಾರವನ್ನು ಕಳೆದುಕೊಳ್ಳುವ ಮುನ್ನ ಚಾಲಕನ ದಂಡ ನಡುಗುವಂತೆ, ಒಂದು ಬದಿಗೆ ತೂಕ ಕಟ್ಟಿದ ಮೋಟಾರನ್ನು ಅದಕ್ಕೆ ಜೋಡಿಸಿದರು. ಮಕ್ಕಳ ಕಂಟ್ರೋಲರಿನಲ್ಲಿದ್ದುದೂ ಅದೇ ಸಾಧನ. ಅದನ್ನು ಅಲ್ಲಿ ಆಟಿಕೆಯೆಂದು ಯಾರೂ ಕರೆದುದಿಲ್ಲ.

ಹಾಗಾದರೆ ಇಂದಿನ ಆಟಗಳು ತಮ್ಮ ನಯವಾದ ಕಂಪನದಿಂದ ಏನು ಸುದ್ದಿ ತರುತ್ತಿವೆ? ಪ್ಲೇಸ್ಟೇಶನ್ 5ರ ಜೊತೆಗೇ ಕೊಡುವ ‘ಆಸ್ಟ್ರೋಸ್ ಪ್ಲೇರೂಮ್’ ಎಂಬ ಆಟದಲ್ಲಿ ಪುಟ್ಟ ಯಂತ್ರಮಾನವನು ಮರಳು, ಲೋಹ, ಗಾಜುಗಳ ಮೇಲೆ ನಡೆಯುವಾಗ ಒಂದೊಂದೂ ಅಂಗೈಗೆ ಬೇರೆಯಾಗಿ ತಿಳಿಯುತ್ತದೆ. ಬಹಳ ಸೊಗಸು. ಆದರೆ ಅದು ಮದುವೆಮನೆಯ ಬಾಗಿಲ ಪನ್ನೀರಿನ ಸೊಗಸು, ಊಟ ಬೇರೆ. 2022ರ ಕಾರು ಪಂದ್ಯದ ಆಟ ‘ಗ್ರಾನ್ ಟುರಿಸ್ಮೊ 7’ರಲ್ಲಿ ಬ್ರೇಕಿನ ಗುಂಡಿ ಬೆರಳಡಿಯಲ್ಲಿ ಮಿಡಿಯುವುದು, ನಿಜವಾದ ಕಾರಿನ ಬ್ರೇಕ್ ಪೆಡಲ್ ಅತಿಯಾಗಿ ತುಳಿದಾಗ ಕಾಲಿಗೆ ಮಿಡಿಯುವಂತೆ: ಚಕ್ರದ ಹಿಡಿತ ತಪ್ಪುತ್ತಿದೆಯೆಂಬ ಆ ಎಚ್ಚರಿಕೆ ಕಣ್ಣಿಗಿಂತ ಮೊದಲು ಬೆರಳಿಗೆ ತಲುಪಿದರೆ ಲಾಭವುಂಟು. 2021ರ ‘ರ‍್ಯಾಚೆಟ್ ಅಂಡ್ ಕ್ಲ್ಯಾಂಕ್’ ಆಟದಲ್ಲಿ ಗುಂಡಿಯನ್ನು ಅರ್ಧ ಒತ್ತಿದರೆ ಆಯುಧದ ಒಂದು ವರಸೆ, ಪೂರ್ತಿ ಒತ್ತಿದರೆ ಇನ್ನೊಂದು. ಅರ್ಧ ಎಲ್ಲಿಗೆಂಬುದನ್ನು ಹೇಳುವುದು ಗುಂಡಿಯ ಪ್ರತಿರೋಧವೇ. ಇವೆರಡೂ ಊಟದ ಪಂಕ್ತಿಗೆ ಸೇರಿದುವು.

ಇಂಥವು ಹೆಚ್ಚಾಗಿಲ್ಲದಿರುವುದಕ್ಕೆ ಕಾರಣ ಸೋಮಾರಿತನ ಮಾತ್ರವಲ್ಲ. ಆಟ ಕಟ್ಟುವವರು ಅದನ್ನು ನಾಲ್ಕಾರು ಯಂತ್ರಗಳಿಗೆ ಒಮ್ಮೆಗೇ ಮಾರಬೇಕು. ಎಲ್ಲ ಯಂತ್ರಗಳಲ್ಲಿಯೂ ಒಂದೇ ಬಗೆಯ ಕಂಪನವಿಲ್ಲ. ಅದೂ ಅಲ್ಲದೆ ಬ್ಯಾಟರಿ ಉಳಿಸಲೆಂದೋ, ಕೈಗೆ ಹಿತವಾಗದೆಯೋ, ಅನೇಕರು ಅದನ್ನು ನಿಲ್ಲಿಸಿಯೇ ಆಡುತ್ತಾರೆ. ನಿಲ್ಲಿಸಬಹುದಾದ ದಾರಿಯಲ್ಲಿ ಅತ್ಯಗತ್ಯವಾದ ಸುದ್ದಿಯನ್ನು ಯಾವ ಜಾಣನೂ ಕಳುಹಿಸುವುದಿಲ್ಲ. ಹೀಗಾಗಿ ಕೈಗೆ ಹೇಳಿದುದನ್ನೆಲ್ಲ ಕಣ್ಣಿಗೂ ಕಿವಿಗೂ ಹೇಳಲೇಬೇಕಾಗಿ, ಕಂಪನ ಮತ್ತೆ ಅಲಂಕಾರದ ಮೂಲೆಗೆ ಸರಿಯುತ್ತದೆ. ಕಂಪನಿಗಳೂ ಈ ವಿಷಯದಲ್ಲಿ ಒಂದೇ ಮಾತಿನವರಲ್ಲ. ಪೇಟೆಂಟಿನ ಹಕ್ಕಿನ ಬಗ್ಗೆ ಇಮ್ಮರ್ಶನ್ ಎಂಬ ಸಂಸ್ಥೆ 2002ರಲ್ಲಿ ಸೋನಿಯ ಮೇಲೆ ದಾವೆ ಹೂಡಿತು. ವ್ಯಾಜ್ಯ ನಡೆಯುತ್ತಿದ್ದಾಗಲೇ, 2006ರಲ್ಲಿ, ಪ್ಲೇಸ್ಟೇಶನ್ 3 ಕಂಪನವಿಲ್ಲದ ಕಂಟ್ರೋಲರಿನೊಡನೆ ಹೊರಬಂತು. ಕಂಪನವೆಲ್ಲ ಹಿಂದಿನ ಪೀಳಿಗೆಯ ಸಂಗತಿಯೆಂದು ಅಂದು ಸಂಸ್ಥೆಯ ಹಿರಿಯರೊಬ್ಬರು ಹೇಳಿದ್ದೂ ಉಂಟು. 2007ರಲ್ಲಿ ರಾಜಿಯಾಯಿತು, ಆ ವರ್ಷವೇ ಕಂಪನವೂ ಮರಳಿ ಬಂತು. ಎಟುಕದ ದ್ರಾಕ್ಷಿಯನ್ನು ಹುಳಿಯೆಂದ ನರಿಯ ಕಥೆ ವಾಚಕರಿಗೆ ನೆನಪಾದರೆ ಆಶ್ಚರ್ಯವಿಲ್ಲ.

ಎರಡನೆಯ ಸಲ ಹೇಳಿದ ಸುದ್ದಿ ವ್ಯರ್ಥವೆಂಬ ತಾತನ ಮಾತು ಬಹುಮಟ್ಟಿಗೆ ನಿಜವೇ. ಆದರೆ ಮೊದಲನೆಯ ಸಲ ಹೇಳಿದುದು ತಲುಪದವರ ಪಾಡೇನು? ತೊಟ್ಟಿಲ ಮಗುವಿನ ಗಿಲಕಿಯಲ್ಲಿರುವ ಸದ್ದು ಬರಿಯ ಬೆಡಗು. ಅದೇ ಗಿಲಕಿಯ ಸದ್ದನ್ನು ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳಾಗಿ ತುಂಬಿದರೆ ಅಂಧರ ಕ್ರಿಕೆಟ್ ಆಗುತ್ತದೆ. 2012ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ-20 ವಿಶ್ವಕಪ್ಪನ್ನು, ಶಿವಮೊಗ್ಗ ಜಿಲ್ಲೆಯ ಶೇಖರ ನಾಯ್ಕರ ನಾಯಕತ್ವದಲ್ಲಿ ಭಾರತ ತಂಡ ಪಾಕಿಸ್ತಾನವನ್ನು ಸೋಲಿಸಿ ಗೆದ್ದುದು ಆ ಸದ್ದನ್ನು ನಂಬಿಯೇ. ಕಣ್ಣುಳ್ಳ ಆಟಗಾರನಿಗೆ ಆ ಚೆಂಡಿನ ಗಲಗಲ ಹೆಚ್ಚಿನ ಗದ್ದಲವಷ್ಟೇ.

ಕಂಪನಕ್ಕೂ ಈ ಮಾತು ಸಲ್ಲುತ್ತದೆ. 2020ರ ‘ದಿ ಲಾಸ್ಟ್ ಆಫ್ ಅಸ್’ ಎರಡನೆಯ ಭಾಗದಲ್ಲಿ ಅಂಗವೈಕಲ್ಯವುಳ್ಳವರಿಗಾಗಿ ಅರವತ್ತಕ್ಕೂ ಮಿಕ್ಕ ಅನುಕೂಲಗಳನ್ನಿಟ್ಟು, ಕಣ್ಣಿಲ್ಲದವರೂ ಸದ್ದು ಮತ್ತು ಕಂಪನಗಳ ಆಧಾರದಿಂದ ಆಡಬಹುದಾದಂತೆ ಕಟ್ಟಿದರು. 2022ರಲ್ಲಿ ಮೊದಲನೆಯ ಭಾಗವನ್ನು ಪ್ಲೇಸ್ಟೇಶನ್ 5ಕ್ಕೆ ಹೊಸದಾಗಿ ರೂಪಿಸಿದಾಗ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪಾತ್ರಗಳ ಮಾತು ಕಂಟ್ರೋಲರಿನಲ್ಲಿ ಕಂಪನವಾಗಿ ಹೊಮ್ಮುವಂತೆ ಮಾಡಿದರು. ಕಿವುಡರಿಗೆ ಮಾತಿನ ಅರ್ಥವನ್ನು ಪರದೆಯ ಕೆಳಗಿನ ಅಕ್ಷರಗಳು ತಿಳಿಸುತ್ತವೆ, ನಿಜ. ಆದರೆ ‘ಹೋಗು’ ಎಂಬ ಎರಡಕ್ಷರವನ್ನು ಗದರಿ ಹೇಳಿದರೋ, ಬಿಕ್ಕುತ್ತ ಹೇಳಿದರೋ ಎಂಬುದು ಅಕ್ಷರದಲ್ಲಿ ಇರುವುದಿಲ್ಲ. ಅದು ಕೈಯಲ್ಲಿ ಮಿಡಿಯುತ್ತದೆ: ಎಲ್ಲಿ ಒತ್ತು, ಎಲ್ಲಿ ತಡೆ, ಎಲ್ಲಿ ನಡುಕ. ಹಳೆಯ ಮೋಟಾರಿನ ಗುರ್ ಎಂಬ ಏಕಸ್ವರದಿಂದ ಇದು ಆಗುವ ಕೆಲಸವಲ್ಲ. ನಯವಾದ ಕಂಪನಕ್ಕೆ ತನ್ನದೇ ಎನ್ನಬಹುದಾದ ಕಾರ್ಯ ಇಲ್ಲಿ ದೊರೆತಿದೆ.

ಇನ್ನು ಕೊಳ್ಳುವವರ ವಿಷಯ. ಕಣ್ಣು ಕಿವಿ ಚೆನ್ನಾಗಿರುವ ಮಗ ಕಾಲ್ಚೆಂಡು, ಕ್ರಿಕೆಟ್ಟುಗಳ ಆಟವನ್ನಷ್ಟೇ ಆಡುವವನಾದರೆ, ಸಾಧಾರಣ ಕಂಟ್ರೋಲರಿನಿಂದ ಅವನಿಗೆ ಆಗುವ ನಷ್ಟ ಅತ್ಯಲ್ಪ. ಅವನ ಹಟ ನಿಲ್ಲದಿದ್ದರೆ ಅವನು ನಿತ್ಯ ಆಡುವ ಆಟದ ಸೆಟ್ಟಿಂಗಿನಲ್ಲಿ ಕಂಪನವನ್ನು ಒಂದು ವಾರ ನಿಲ್ಲಿಸಿಡಬಹುದು. ಸೋಲು ಗೆಲುವಿನಲ್ಲಿ ವ್ಯತ್ಯಾಸ ಕಂಡರೆ ಅವನ ವಾದಕ್ಕೆ ಬೆಲೆಯುಂಟು. ಅಂಗಡಿಯಲ್ಲಿ ಆಡಿನೋಡಲು ಇಟ್ಟಿರುವ ಯಂತ್ರವಿದ್ದರೆ, ಕಂಟ್ರೋಲರನ್ನು ಹಿಡಿದು ಒಂದು ನಿಮಿಷ ಕಣ್ಣು ಮುಚ್ಚಿಕೊಂಡು ನೋಡುವುದಕ್ಕೆ ಹಣವನ್ನೇನೂ ಕೊಡಬೇಕಾಗಿಲ್ಲ.