ಅಣಬೆ ಬೆಳೆಯೋಣ, ಮಲಗುವ ಕೋಣೆಯಲ್ಲಿ ಬೇಡ

ಕಾಫಿ ಕೊಯ್ಲು ಮುಗಿದ ಮೇಲೆ ತೋಟದಲ್ಲಿ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಅಂಗಡಿಯ ಬಾಕಿ ಕಡಿಮೆಯಾಗುವುದಿಲ್ಲ. ಸುಲ್ತಾನ್ ಬತ್ತೇರಿಯ ಸುತ್ತಲಿನ ಲೈನ್ ಮನೆಗಳಿಗೆ ಅಣಬೆ ಬೇಸಾಯ ಒಂದು ಆಸರೆಯಾಗಬಲ್ಲದು. ಇದಕ್ಕೆ ಸ್ವಂತ ಜಮೀನು ಬೇಡ. ಆದರೆ ಬಂಧುಗಳೇ, ಒಂದು ಮಾತನ್ನು ಮೊದಲೇ ಹೇಳುತ್ತೇವೆ: ಮಕ್ಕಳು ಮಲಗುವ ಕೋಣೆಯಲ್ಲಿ ಅಣಬೆ ಚೀಲ ತೂಗುಹಾಕಬೇಡಿ.

ಚಿಪ್ಪಣಬೆ ಬಲಿತಾಗ ಧೂಳಿಗಿಂತ ಸಣ್ಣ ಬೀಜಾಣುಗಳನ್ನು ಗಾಳಿಗೆ ಬಿಡುತ್ತದೆ. ದಿನವೂ ಅದನ್ನು ಉಸಿರಾಡಿದರೆ ಕೆಲವರಿಗೆ ಕೆಮ್ಮು, ಜ್ವರ, ಉಬ್ಬಸ ಬರುತ್ತದೆ. ಆದ್ದರಿಂದ ಅಂಚು ಮೇಲಕ್ಕೆ ಸುರುಳುವ ಮೊದಲೇ ಕೊಯ್ಯಬೇಕು. ಕೊಯ್ಯುವಾಗ ಮಾಸ್ಕ್ ಹಾಕಿಕೊಳ್ಳಬೇಕು. ಒಂದೇ ಕೋಣೆಯ ಸಂಸಾರಕ್ಕೆ ಬೇರೆ ಜಾಗವೆಲ್ಲಿ ಎಂದು ಕೇಳುವಿರಿ. ಐದಾರು ಮನೆಯವರು ಕೂಡಿ, ತೋಟದ ಖಾಲಿ ಶೆಡ್ಡೊಂದನ್ನು ಅರ್ಜಿ ಬರೆದು ಕೇಳಬೇಕು. ಒಬ್ಬರು ಕೇಳಿದರೆ ಬೇಡಿಕೆ, ಆರು ಮನೆ ಕೇಳಿದರೆ ಯೋಜನೆ. 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅಯಲ್ಕೂಟದಲ್ಲಿ ನಮ್ಮ ಹೆಂಗಸರು ಇದ್ದರೆ ಅದೇ ಗುಂಪು ಸಾಕು.

ಕೆಲಸ ಕಷ್ಟದ್ದಲ್ಲ, ಶುಚಿ ಮುಖ್ಯ. ಒಣ ಭತ್ತದ ಹುಲ್ಲನ್ನು ಕತ್ತರಿಸಿ ಒಂದು ರಾತ್ರಿ ನೆನೆಸಬೇಕು. ಮರುದಿನ ಸುಮಾರು 80 ಡಿಗ್ರಿ ಕಾವಿನ ನೀರಿನಲ್ಲಿ ಒಂದು ಗಂಟೆ ಇಟ್ಟು ಬಸಿಯಬೇಕು. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಒದ್ದೆಯಾಗಬೇಕು. ಪದರ ಪದರವಾಗಿ ಅಣಬೆ ಬೀಜ ಹಾಕಿ, ಚೀಲಕ್ಕೆ ಸಣ್ಣ ತೂತುಗಳನ್ನು ಮಾಡಿ, 15–20 ದಿನ ಕತ್ತಲಲ್ಲಿಡಬೇಕು. ಹುಲ್ಲು ಬೆಳ್ಳಗಾದ ಮೇಲೆ ಗಾಳಿ, ಮಂದ ಬೆಳಕು, ತೇವ ಬೇಕು. ಬೇಸಗೆಯ ಕಾವಿಗೆ ಹಾಲಣಬೆ ಹೆಚ್ಚು ಹೊಂದುತ್ತದೆ. ಬೀಜ ಮತ್ತು ತರಬೇತಿಯ ವಿಷಯವನ್ನು ಅಂಬಲವಯಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿರಿ. ಕಾಡಿನ ಅಣಬೆಯನ್ನು ಎಂದೂ ಬೆರೆಸಬೇಡಿ.

ಲೆಕ್ಕವನ್ನೂ ಹೇಳಿಬಿಡುತ್ತೇವೆ. ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋ ಅಣಬೆ ಬಂದರೆ ಆರಂಭಕ್ಕೆ ಸಾಕು. ಕಿಲೋ ಹುಲ್ಲಿನ ಹತ್ತು ಚೀಲಕ್ಕೆ ಎರಡು ಮೂರು ಕೊಯ್ಲು ಸೇರಿ ಐದು ಕಿಲೋ. ಇದನ್ನು ನಂಬಿ ಕೂಲಿ ಬಿಡುವಂತಿಲ್ಲ, ಬಡ್ಡಿಸಾಲ ತರುವಂತೆಯೂ ಇಲ್ಲ.

ಹಸಿ ಅಣಬೆ ಒಂದೆರಡು ದಿನದಲ್ಲಿ ಕೆಡುತ್ತದೆ. ಮಾರಾಟವಾಗದೆ ಉಳಿದದ್ದನ್ನು ಒಣಗಿಸಬೇಕು. ಹತ್ತು ಕಿಲೋ ಒಣಗಿದರೆ ಸುಮಾರು ಒಂದು ಕಿಲೋ. ಮಳೆಗಾಲದಲ್ಲಿ ಬಿಸಿಲನ್ನು ನಂಬಲಾಗದು. ಒಣಗಿಸುವ ಯಂತ್ರ ಒಂದು ಮನೆಗೆ ಭಾರ, ಆರು ಮನೆಗೆ ಹಗುರ. ಉಪ್ಪಿನಕಾಯಿ, ಪುಡಿ ಮಾಡಿ ಮಾರುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿರಿ.

ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆಂದು ಮುಂಗಡ ಹಣ ಕೇಳುವವರು ಬಂದರೆ ಬರವಣಿಗೆಯ ಕರಾರಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗುಂಪಿನ ಲೆಕ್ಕದ ಪುಸ್ತಕ ಎಲ್ಲರ ಕಣ್ಣ ಮುಂದಿರಲಿ. ಹುಲ್ಲು ಬೇಯಿಸಿದ ತಾಯಂದಿರ ಹೆಸರಿನ ಪಾಸ್‌ಬುಕ್ಕಿಗೇ ಹಣ ಸೇರಲಿ.