ಟೊಮೇಟೊ ಹಣ್ಣೋ, ತರಕಾರಿಯೋ?

ಟೊಮೇಟೊ ಹಣ್ಣೋ ತರಕಾರಿಯೋ ಎಂಬುದು ಊಟದ ಪಂಕ್ತಿಯಲ್ಲಿ ಹೊತ್ತು ಕಳೆಯಲು ಆಡುವ ಮಾತೆಂದು ವಾಚಕರು ಭಾವಿಸಬಹುದು. ಆದರೆ ಈ ಪ್ರಶ್ನೆಯು ಒಮ್ಮೆ ಅಮೇರಿಕದ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತ್ತು. ಅದಕ್ಕೆ ಕಾರಣ ಹಣ.

ಆ ದೇಶದ ೧೮೮೩ರ ಸುಂಕದ ಕಾಯಿದೆಯಂತೆ ಹೊರನಾಡಿನಿಂದ ಬಂದ ತರಕಾರಿಗೆ ಶೇಕಡಾ ೧೦ ಸುಂಕ, ಹಣ್ಣಿಗೆ ವಿನಾಯಿತಿ. ವೆಸ್ಟ್ ಇಂಡೀಸಿನಿಂದ ಟೊಮೇಟೊ ತರಿಸಿದ ನಿಕ್ಸ್ ಎಂಬ ವರ್ತಕರು, ನ್ಯೂಯಾರ್ಕ್ ಬಂದರಿನಲ್ಲಿ ತಾವು ತೆತ್ತ ಸುಂಕವನ್ನು ಮರಳಿ ಕೊಡಿಸಬೇಕೆಂದು ದಾವೆ ಹೂಡಿದರು. ನ್ಯಾಯಾಲಯದಲ್ಲಿ ನಿಘಂಟುಗಳನ್ನು ಓದಲಾಯಿತು. ಹಣ್ಣು-ತರಕಾರಿಯ ವ್ಯಾಪಾರಿಗಳು ಸಾಕ್ಷ್ಯ ನುಡಿದರು. ೧೮೯೩ರಲ್ಲಿ ನ್ಯಾಯಮೂರ್ತಿ ಗ್ರೇ ಅವರು ಬರೆದ ತೀರ್ಪಿನ ಸಾರ ಇಷ್ಟು: ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಟೊಮೇಟೊ ಫಲವೇ ಸರಿ, ಸೌತೆ ಬಟಾಣಿಗಳೂ ಹಾಗೆಯೇ, ಆದರೆ ಜನರ ಮಾತಿನಲ್ಲಿ ಅದು ತರಕಾರಿ, ಏಕೆಂದರೆ ಅದನ್ನು ಊಟದ ಜೊತೆಗೆ ಬಡಿಸುವರೇ ಹೊರತು ಊಟದ ಕೊನೆಗೆ ಹಣ್ಣಿನಂತೆ ಕೊಡುವುದಿಲ್ಲ. ವರ್ತಕರು ಸೋತರು.

ನಮ್ಮ ದೇಶದಲ್ಲಿಯೂ ಇಂತಹ ವ್ಯಾಜ್ಯಗಳು ನಡೆದಿವೆ. ಅಕೋಲಾದ ವೀಳ್ಯದೆಲೆಯ ವ್ಯಾಪಾರಿಗಳು ತರಕಾರಿಗಿದ್ದ ಮಾರಾಟ ತೆರಿಗೆಯ ವಿನಾಯಿತಿ ತಮ್ಮ ಎಲೆಗೂ ಸಲ್ಲಬೇಕೆಂದು ವಾದಿಸಿದರು. ತರಕಾರಿಯೆಂದರೆ ಕೈತೋಟದಲ್ಲಿ ಬೆಳೆದು ಊಟಕ್ಕೆ ಬಳಸುವ ಪದಾರ್ಥ, ವೀಳ್ಯದೆಲೆ ಅದಲ್ಲ ಎಂದು ೧೯೬೧ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ೧೯೭೭ರಲ್ಲಿ ಪಶ್ಚಿಮ ಬಂಗಾಳದ ಮೊಕದ್ದಮೆಯೊಂದರಲ್ಲಿ ಅದೇ ಅಳತೆಗೋಲಿನಿಂದ ಅಳೆದು, ಹಸಿಶುಂಠಿ ತರಕಾರಿಯೇ ಎಂದಿತು.

ಈ ತೀರ್ಪುಗಳು ವಿವೇಕಯುತವಾದವುಗಳೆಂದು ನಾವು ಭಾವಿಸುತ್ತೇವೆ. ಶಾಸ್ತ್ರಜ್ಞನ ಮಾತು ಶಾಸ್ತ್ರದಲ್ಲಿ ಪ್ರಮಾಣ. ಜನರ ಕಿಸೆಗೆ ಕೈಹಾಕುವ ಕಾಯಿದೆಗೆ ಜನರ ಮಾತೇ ಪ್ರಮಾಣವಾಗಬೇಕು. ನಮ್ಮ ಕನ್ನಡದಲ್ಲಂತೂ ಈ ಗೊಂದಲವೇ ಇಲ್ಲ. ಹಣ್ಣು ಎಂಬುದು ಮಾಗಿದ ಸ್ಥಿತಿಯ ಹೆಸರು, ತರಕಾರಿ ಎಂಬುದು ಉಪಯೋಗದ ಹೆಸರು. ಒಂದೇ ಮರದ ಮಾವು ಕಾಯಾಗಿ ಉಪ್ಪಿನಕಾಯಿಯ ಭರಣಿಗೂ, ಹಣ್ಣಾಗಿ ಸೀಕರಣೆಯ ಪಾತ್ರೆಗೂ ಸಲ್ಲುವುದು. ಟೊಮೇಟೊ ಹಣ್ಣನ್ನು ತರಕಾರಿಯ ಅಂಗಡಿಯಿಂದ ತಂದು ಸಾರಿಗೆ ಹಾಕುವಾಗ ಹೊಟೇಲಿನ ಯಾವ ಅಡಿಗೆಯವನಿಗೂ ಶಂಕೆ ಹುಟ್ಟುವುದಿಲ್ಲ.

ಪದಾರ್ಥಕ್ಕೆ ಸಲ್ಲುವ ಈ ನ್ಯಾಯ ದುಡಿಯುವ ಮನುಷ್ಯನಿಗೆ ಇನ್ನೂ ಹೆಚ್ಚಾಗಿ ಸಲ್ಲಬೇಕು. ಹಾಜರಿ ಪುಸ್ತಕದಲ್ಲಿ ಸಹಾಯಕನೆಂದು ಬರೆಸಿಕೊಂಡು ಒಲೆಯ ಮುಂದೆ ಪೂರ್ಣ ಅಡಿಗೆ ಮಾಡುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಮೇಲ್ವಿಚಾರಕನೆಂಬ ದೊಡ್ಡ ಹೆಸರು ಹೊತ್ತು ದಿನವಿಡೀ ಲೆಕ್ಕ ಬರೆಯುವ ಗುಮಾಸ್ತರೂ ಉಂಟು. ಒಂದು ಹೆಸರು ಸಂಬಳವನ್ನು ಇಳಿಸುವುದು, ಇನ್ನೊಂದು ಕಾರ್ಮಿಕನ ಹಕ್ಕನ್ನೇ ಕಸಿಯುವುದು. ಹುದ್ದೆಯ ಹೆಸರು ಮುಖ್ಯವಲ್ಲ, ಮಾಡುವ ಕೆಲಸದ ಸ್ವರೂಪವೇ ಮುಖ್ಯವೆಂದು ೧೯೯೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾರ್ಮಿಕ ವ್ಯಾಜ್ಯವೊಂದರಲ್ಲಿ ಹೇಳಿದೆ.

ಆದುದರಿಂದ ನಮ್ಮ ಬಾಂಧವರು ತಮ್ಮ ಹೆಸರಿನ ಮುಂದೆ ಏನು ಬರೆದಿದೆಯೆಂದು ಒಮ್ಮೆ ಓದಿ ನೋಡಲಿ; ತಾವು ನಿತ್ಯವೂ ಮಾಡುವ ಕೆಲಸವನ್ನು ಅದರ ಪಕ್ಕದಲ್ಲಿಟ್ಟು ತೂಗಲಿ. ಎರಡೂ ಹೊಂದದಿದ್ದರೆ, ಬದಲಾಗಬೇಕಾದುದು ಪುಸ್ತಕದ ಹೆಸರು.