ಮಳೆಗಾಲದ ಕೂಲಿಯೂ ಹೊಸ ಕಾಯಿದೆಯ 60 ದಿನಗಳೂ

ಉದ್ಯೋಗ ಖಾತರಿಯ ಮಾತೆತ್ತಿದರೆ ನಮ್ಮ ಬೆಳೆಗಾರರ ಸಭೆಗಳಲ್ಲಿ ಒಂದೇ ದೂರು: ಕುಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಗ್ರಾಮೀಣ ಉದ್ಯೋಗ ಕಾಯಿದೆಯು 2005ರ ಕಾಯಿದೆಯ 100 ದಿನಗಳನ್ನು 125ಕ್ಕೆ ಏರಿಸಿದೆ. ಜೊತೆಗೆ ಬಿತ್ತನೆ ಮತ್ತು ಕುಯ್ಲಿನ ಭರದಲ್ಲಿ ಒಟ್ಟು 60 ದಿನ ಸರಕಾರಿ ಕಾಮಗಾರಿಗೆ ಬಿಡುವು ಕೊಡಲೂ ಅದರಲ್ಲಿ ಏರ್ಪಾಡಿದೆ. ಬಾಂಧವರಲ್ಲಿ ಹಲವರು ಇದಕ್ಕೆ ಹಿಗ್ಗಿದ್ದಾರೆ. ನಾವೂ ಅದನ್ನು ಬೇಡವೆನ್ನುವವರಲ್ಲ. ಆದರೆ ಆ 60 ದಿನಗಳು ಯಾವ ತಿಂಗಳಲ್ಲಿ ಬೀಳುತ್ತವೆ ಎಂಬುದನ್ನು ಯಾರೂ ಕೇಳುತ್ತಿಲ್ಲವಲ್ಲ!

ಮಳೆ ಅತಿಯಾಗಿ ಅಡಿಕೆಗೆ ಕೊಳೆ ಹತ್ತಿದರೆ ನಮಗೆ ಹವಾಮಾನ ಆಧಾರಿತ ವಿಮೆಯಿದೆ. ಕರ್ನಾಟಕದಲ್ಲಿ ಹೆಕ್ಟೇರಿಗೆ 6,400 ರೂಪಾಯಿ ಕಂತು ಕಟ್ಟಿದವರಿಗೆ 1,28,000 ರೂಪಾಯಿವರೆಗಿನ ರಕ್ಷಣೆ. ಪಂಚಾಯಿತಿಯ ಮಳೆಮಾಪಕದ ಲೆಕ್ಕದ ಬಗ್ಗೆ ನಮ್ಮ ತಕರಾರು ಬೇರೆಯೇ ಇದೆ, ಅದು ಇಲ್ಲಿ ಬೇಡ. ಆದರೆ ಅದೇ ಮಳೆಗೆ ಹದಿನೈದು ದಿನ ತೋಟಕ್ಕೆ ಇಳಿಯಲಾಗದೆ ಲೈನ್ ಮನೆಯಲ್ಲಿ ಕುಳಿತ ದಿನಗೂಲಿಯವನಿಗೆ ಯಾವ ವಿಮೆಯಿದೆ? ಅರ್ಧ ಎಕರೆ ತೋಟವಿದ್ದು ಉಳಿದ ದಿನ ನಮ್ಮಲ್ಲಿಗೇ ಕೂಲಿಗೆ ಬರುವ ಸಣ್ಣ ಹಿಡುವಳಿದಾರನಿಗಂತೂ ಎರಡು ಕಡೆಯಿಂದಲೂ ಪೆಟ್ಟು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಮನೆ, ತೋಟಗಳ ಲೆಕ್ಕ ಕಾಗದಕ್ಕೆ ಬಂತು. ತೋಟ ಹೋದ ಮೇಲೆ ಅಲ್ಲಿ ದುಡಿಯುತ್ತಿದ್ದವರ ಕೂಲಿಯೂ ಹೋಯಿತೆಂಬುದನ್ನು ಲೆಕ್ಕ ಹಿಡಿದವರು ಕಡಿಮೆ. ಒಲೆ ಉರಿಯದ ಮನೆಯವರು ಊರು ಬಿಡುತ್ತಾರೆ. ಕುಯ್ಲಿಗೆ ಆಳು ಸಿಗದಿರುವುದಕ್ಕೆ ಇದೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ.

ಆದ್ದರಿಂದ ಬಿಡುವಿನ ದಿನಗಳನ್ನು ಎಲ್ಲಿ ಇಡಬೇಕೆಂಬುದು ಸಣ್ಣ ಮಾತಲ್ಲ. ಜಿಲ್ಲೆ, ತಾಲ್ಲೂಕು, ಪಂಚಾಯಿತಿಗಳಿಗೆ ಬೇರೆ ಬೇರೆ ಅವಧಿ ಗೊತ್ತುಪಡಿಸಲು ರಾಜ್ಯಕ್ಕೆ ಅಧಿಕಾರವಿದೆ. ಬಯಲುಸೀಮೆಯ ಬಿತ್ತನೆಯನ್ನು ನೋಡಿ ಮಲೆನಾಡಿಗೂ ಅದೇ ದಿನಾಂಕ ಹಚ್ಚಿಬಿಟ್ಟರೆ ನಮಗೂ ಲಾಭವಿಲ್ಲ, ಕೂಲಿಕಾರರಿಗೂ ಇಲ್ಲ. ಕಾಫಿ ಹಣ್ಣು, ಅಡಿಕೆ ಕೊನೆ ಎರಡೂ ಕೈಗೆ ಬರುವ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಆ 60 ದಿನಗಳು ಬೀಳಲಿ. ಆಗ ತೋಟದಲ್ಲೇ ಕೈತುಂಬ ಕೆಲಸವಿರುತ್ತದೆ. (ಬಿಡುವಿನ ನೆಪದಲ್ಲಿ ಕೂಲಿಯ ದರವನ್ನು ಅದುಮಿಡಬಹುದೆಂದು ಎಣಿಸುವವರಿದ್ದರೆ, ಅವರ ಪರವಾಗಿ ಈ ಪತ್ರಿಕೆ ವಾದಿಸಲಾರದು.)

ಮಾರ್ಚಿಯಿಂದ ಮೇ ತಿಂಗಳವರೆಗಿನ ಕಾಲವನ್ನು ಮಾತ್ರ ಯಾರೂ ಮುಟ್ಟಕೂಡದು. ಮಳೆಗೆ ಮುಂಚೆ ಆಗಬೇಕಾದ ಕೆಲಸ ಆಗಲೇ ಆಗಬೇಕು: ಹಳ್ಳದ ಹೂಳು ತೆಗೆಯುವುದು, ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು, ರಸ್ತೆಯಂಚಿನ ಮೋರಿ, ಧರೆ ಕುಸಿಯುವಲ್ಲಿ ತಡೆಗೋಡೆ. ಹವಾಮಾನದ ವಿಪರೀತಗಳನ್ನು ತಗ್ಗಿಸುವ ಕಾಮಗಾರಿಗಳಿಗೆ ಹೊಸ ಕಾಯಿದೆಯಲ್ಲಿ ಪ್ರತ್ಯೇಕ ಸ್ಥಾನವೇ ಇದೆ. ಅದನ್ನು ಬಳಸಿಕೊಳ್ಳದೆ ಗುಂಡಿಗಳ ಸಂಖ್ಯೆ ತೋರಿಸುವುದಕ್ಕೆಂದು ಕಡಿದಾದ ಗುಡ್ಡದ ನೆತ್ತಿಯಲ್ಲೂ ಇಂಗುಗುಂಡಿ ತೋಡಿಸುವುದು ಬೇಡ. ಅಂಥ ಕಡೆ ನೀರನ್ನು ಇಂಗಿಸುವುದಕ್ಕಿಂತ ಸುರಕ್ಷಿತವಾಗಿ ಹರಿಸಿಬಿಡುವುದೇ ಕ್ಷೇಮ.

ಇನ್ನು ಜಡಿಮಳೆಯ ವಾರಗಳು. ಆಗ ಗುದ್ದಲಿ ಹಿಡಿಸುವುದೇ ಅಪಾಯ, ಕೆಲಸದ ಖಾತರಿ ಆಗ ಒದಗುವುದಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದ ಮೇಲೆ ಕೇರಳ ಸರಕಾರವು ದುಡಿಮೆ ಕಳೆದುಕೊಂಡ ಕುಟುಂಬಗಳ ವಯಸ್ಕರಿಗೆ ದಿನಕ್ಕೆ 300 ರೂಪಾಯಿ ಕೊಡುವ ಏರ್ಪಾಡು ಮಾಡಿತು. ಅದು ಅನಾಹುತ ಆದ ಮೇಲಿನ ಮಾತಾಯಿತು. ರೆಡ್ ಅಲರ್ಟ್ ಘೋಷಣೆಯಾಗಿ ಕೆಲಸ ನಿಂತ ದಿನಗಳಿಗೂ ಇಂಥದೊಂದು ಭತ್ಯೆ ಏಕಿರಬಾರದು? ಹೊಸ ಕಾಯಿದೆಯಲ್ಲಿ ವೆಚ್ಚದ ಶೇಕಡಾ 40 ಭಾಗ ರಾಜ್ಯದ ಮೇಲೆ ಬೀಳುವುದರಿಂದ ಬೊಕ್ಕಸದವರು ಕೈ ಬಿಗಿ ಹಿಡಿಯುವ ಸಂಭವವಿದೆ. ಬೆಳೆಗಾರರೇ ಕೂಲಿಕಾರರ ಪರವಾಗಿ ಕೇಳಿದರೆ ಆ ಕೋರಿಕೆಗೆ ತೂಕ ಹೆಚ್ಚು.

ಕಾಮಗಾರಿಗಳ ಯೋಜನೆಗೆ ಗ್ರಾಮಸಭೆಯ ಒಪ್ಪಿಗೆ ಬೇಕು. ಆ ಸಭೆಗೆ ಬೆಳೆಗಾರರು ಹೋಗುವುದೇ ಅಪರೂಪ. ಸದಸ್ಯರು ತಂತಮ್ಮ ಭಾಗದಲ್ಲಿ ಹೂಳು ತುಂಬಿದ ಹಳ್ಳ, ಬಿರುಕು ಬಿಟ್ಟ ಧರೆ, ಕಟ್ಟಿಕೊಂಡ ಮೋರಿಗಳ ಪಟ್ಟಿಯನ್ನು ಸರ್ವೆ ನಂಬರಿನ ಸಮೇತ ಸಂಘದ ಕಚೇರಿಗೆ ತಲುಪಿಸಿದರೆ, ಪಂಚಾಯಿತಿವಾರು ಬರೆದು ಮಂಡಿಸುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ. ಬಿಡುವಿನ ಅವಧಿಯ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಸಲ್ಲಿಸುವ ಮನವಿಯೂ ಕಚೇರಿಯಲ್ಲಿ ಸಹಿಗೆ ಸಿದ್ಧವಿದೆ.